ಹೆಸರು ಮತ್ತು ಹುರುಳು

ಇಸ್ಲಾಮಿನ ವಿಚಾರ ಬಂದಾಗಲೆಲ್ಲ ‘ಇದನ್ನು ಹೇಳಲು ಅವರು ಯಾರು?’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ನಾಗಪುರದಲ್ಲಿರುವ ನಮಗೆ ಆಗ ನೆನಪಾಗುವುದು ಒಂದು ಕಾನೂನು ಪುಸ್ತಕ. ಮುಸ್ಲಿಮರ ವಿವಾಹ, ತಲಾಖ್, ಉತ್ತರಾಧಿಕಾರಗಳ ವ್ಯಾಜ್ಯಗಳಲ್ಲಿ ಭಾರತದ ವಕೀಲರು ತಲೆಮಾರುಗಳಿಂದ ತೆರೆಯುತ್ತ ಬಂದಿರುವ ಆ ಗ್ರಂಥವನ್ನು ಎಲ್ಲರೂ ಕರೆಯುವುದು ‘ಮುಲ್ಲಾ’ ಎಂದೇ. ಹೆಸರು ಕೇಳಿ ಮೌಲವಿಯೊಬ್ಬರನ್ನು ಕಲ್ಪಿಸಿಕೊಂಡವರು ನಮ್ಮಲ್ಲೂ ಇದ್ದೇವೆ. ದಿನ್‌ಶಾ ಫರ್ದುನ್‌ಜಿ ಮುಲ್ಲಾ ಪಾರ್ಸಿ! ಅದರ ಮುಂದಿನ ಕೆಲವು ಆವೃತ್ತಿಗಳನ್ನು ಸಂಪಾದಿಸಿದವರು ಮೊಹಮ್ಮದ್ ಹಿದಾಯತುಲ್ಲಾ. ಇದೇ ನಾಗಪುರದಲ್ಲಿ ವಕೀಲಿ ಆರಂಭಿಸಿ, ಇಲ್ಲಿನ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, 1968ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದವರು. ಪಾರ್ಸಿಯ ಕೃತಿಯೆಂದು ಅವರು ಅದನ್ನು ದೂರವಿಡಲಿಲ್ಲ.

ಬುಖಾರಿಯವರ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ರಮದಾನಿನ ದಾನದ ಧಾನ್ಯ ಕಾಯುತ್ತಿದ್ದ ಅಬೂ ಹುರೈರಾ ಅವರಿಗೆ ಕಳ್ಳನೊಬ್ಬ ಸಿಕ್ಕಿಬೀಳುತ್ತಾನೆ. ಮೂರನೆಯ ಸಲ ಸಿಕ್ಕಾಗ, ಮಲಗುವ ಮುನ್ನ ಆಯತುಲ್ ಕುರ್ಸಿ ಪಠಿಸಿದರೆ ರಕ್ಷಣೆಯುಂಟೆಂದು ಹೇಳಿ ಬಿಡಿಸಿಕೊಳ್ಳುತ್ತಾನೆ. ಪ್ರವಾದಿಯವರ ತೀರ್ಪು: ಅವನು ಸುಳ್ಳುಗಾರ, ಆದರೆ ಈ ಮಾತು ನಿಜ, ಬಂದವನು ಸೈತಾನ. ಯಾರು ಹೇಳಿದರೂ ಒಪ್ಪಬೇಕೆಂಬುದಕ್ಕೆ ಈ ಕಥೆಯನ್ನು ಉದಾಹರಿಸುವುದುಂಟು. ನಮಗೆ ಅಷ್ಟೇ ಮುಖ್ಯವಾಗಿ ಕಾಣುವುದು ಮರುದಿನ ಬೆಳಿಗ್ಗೆ ಆ ಮಾತು ಪರೀಕ್ಷೆಗೆ ಬಂದದ್ದು. ಸುಳ್ಳುಗಾರನೆಂದು ಮಾತನ್ನು ತಳ್ಳಲಿಲ್ಲ. ಮಾತು ನಿಜವೆಂದು ಅವನನ್ನು ಸಂತನಾಗಿಸಲೂ ಇಲ್ಲ.

2017ರ ಆಗಸ್ಟ್ 22ರಂದು ತ್ರಿವಳಿ ತಲಾಖ್ ರದ್ದಾದಾಗ ಈ ವಿವೇಕ ಎಷ್ಟು ವಿರಳವೆಂದು ಕಂಡಿತು. ಐವರು ನ್ಯಾಯಮೂರ್ತಿಗಳು, ಐದು ಧರ್ಮ. ಆ ಪದ್ಧತಿ ಕುರಾನಿಗೇ ವಿರುದ್ಧವೆಂದು ಬರೆದವರು ಕ್ರೈಸ್ತರಾದ ಕುರಿಯನ್ ಜೋಸೆಫ್. ಅದು ವೈಯಕ್ತಿಕ ಕಾನೂನಿನ ಭಾಗ, ನ್ಯಾಯಾಲಯ ಕೈಹಾಕಲಾಗದು ಎಂಬ ಅಲ್ಪಮತದಲ್ಲಿ ಸಿಖ್ಖರಾದ ಖೇಹರ್ ಅವರೊಡನೆ ನಿಂತವರು ನಮ್ಮ ದಕ್ಷಿಣ ಕನ್ನಡದ ಅಬ್ದುಲ್ ನಝೀರ್. ಕ್ರೈಸ್ತರಿಗೆ ಕುರಾನಿನ ಅರ್ಥ ಹೇಳುವ ಹಕ್ಕೆಲ್ಲಿದೆ ಎನ್ನುವುದು ಸುಲಭ. ಮುಸ್ಲಿಂ ನ್ಯಾಯಮೂರ್ತಿಯೇ ಒಪ್ಪಲಿಲ್ಲವಲ್ಲ ಎನ್ನುವುದು ಇನ್ನೂ ಸುಲಭ. ಊರಿನ ಅಭಿಮಾನವೂ ಸೇರಿದರೆ ಕೇಳಬೇಕೆ! ತೀರ್ಪನ್ನು ಹೊಗಳಿದವರಲ್ಲೂ ಎಷ್ಟೋ ಮಂದಿ ಆ ವಾದವನ್ನು ಓದಿದವರಲ್ಲ, ಸೋತವರನ್ನು ನೋಡಿ ಹಿಗ್ಗಿದವರು.

ಕುರಿಯನ್ ಆಧರಿಸಿದ್ದು ಕುರಾನಿನ 2, 4 ಮತ್ತು 65ನೆಯ ಅಧ್ಯಾಯಗಳನ್ನು: ಎರಡೂ ಕಡೆಯ ಮಧ್ಯಸ್ಥರು, ಸಂಧಾನ, ಕಾಯುವ ಅವಧಿ. ಕನ್ನಡ ಅನುವಾದಗಳು ನಮ್ಮ ಕೈಗೆ ಸಿಗುತ್ತವೆ. ಅವರು ತಪ್ಪಿದ್ದರೆ ಯಾವ ವಚನದಲ್ಲಿ ತಪ್ಪಿದರೆಂದು ತೋರಿಸಲಿ.