ಕಾಂತದ ಬಲ, ಕಾಂತದ ಹಟ

ಬಲಗುಂದಿದ ಅಯಸ್ಕಾಂತವನ್ನು ಮತ್ತೆ ಬಲಪಡಿಸುವುದು ಹೇಗೆ? ಈ ಪ್ರಶ್ನೆಗೆ ಶಾಲೆಯ ಪಾಠಗಳಲ್ಲಿ ಬಹುಕಾಲದಿಂದ ದೊರೆಯುತ್ತ ಬಂದಿರುವ ಉತ್ತರವೆಂದರೆ, ಬಲವಾದ ಇನ್ನೊಂದು ಕಾಂತದ ಧ್ರುವದಿಂದ ಅದನ್ನು ಒಂದೇ ದಿಕ್ಕಿಗೆ ಉಜ್ಜಬೇಕೆಂಬುದು. ಉತ್ತರ ಸುಳ್ಳಲ್ಲ. ಆದರೆ ಅದು ಮನಸ್ಸಿನಲ್ಲಿ ಒಂದು ತಪ್ಪು ಚಿತ್ರವನ್ನು ಬಿಟ್ಟುಹೋಗುತ್ತದೆ. ಕತ್ತಿಯನ್ನು ಮಸೆದಷ್ಟೂ ಹರಿತವಾಗುವಂತೆ ಕಾಂತವನ್ನು ಉಜ್ಜಿದಷ್ಟೂ ಬಲವೇರುತ್ತದೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಬಲವೆಂಬುದು ಹೊರಗಿನಿಂದ ತಂದು ತುಂಬುವ ಪದಾರ್ಥವೆಂದು ತಿಳಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಕಾಂತದ ಪಾಠವು ಬೇರೊಂದು ಮಾತಿನಿಂದ ಮೊದಲಾಗತಕ್ಕದ್ದು: ಕಾಂತಕ್ಕೆ ಬಲ ಕೊಡುವುದು ಸುಲಭ, ಕೊಟ್ಟ ಬಲವನ್ನು ಅದು ಉಳಿಸಿಕೊಳ್ಳುವಂತೆ ಮಾಡುವುದೇ ಕಷ್ಟ.

ಕಬ್ಬಿಣದ ತುಂಡು ಕಾಂತದಂತೆ ವರ್ತಿಸದಿರುವಾಗಲೂ ಅದರೊಳಗೆ ಕಾಂತತ್ವವು ಇದ್ದೇ ಇರುತ್ತದೆ. ಅದು ಸಣ್ಣ ಸಣ್ಣ ವಲಯಗಳಾಗಿ ಹಂಚಿಹೋಗಿದ್ದು, ಒಂದೊಂದು ವಲಯದ ಕಾಂತತ್ವವೂ ಒಂದೊಂದು ದಿಕ್ಕಿಗಿರುವುದರಿಂದ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಈ ವಿಚಾರವನ್ನು ಫ್ರೆಂಚ್ ಭೌತವಿಜ್ಞಾನಿ ಪಿಯೇರ್ ವೈಸ್ 1907ರಲ್ಲಿ ಮಂಡಿಸಿದನು. ತೇರಿನ ದಿನ ರಥಬೀದಿಯಲ್ಲಿ ಸಾವಿರ ಜನ ನೆರೆದಿದ್ದರೂ ಅವರವರು ಅವರವರ ದಾರಿ ಹಿಡಿದಿರುವ ತನಕ ತೇರು ಅಲುಗದು. ಎಲ್ಲರೂ ಹಗ್ಗಕ್ಕೆ ಕೈಯಿಟ್ಟು ಒಂದೇ ಕಡೆಗೆ ಎಳೆದಾಗಲೇ ಅದು ಉರುಳುತ್ತದೆ. ಕಾಂತವನ್ನು ಮಾಡುವುದೆಂದರೆ ಹೊಸ ಜನರನ್ನು ಕರೆತರುವುದಲ್ಲ. ಇರುವವರನ್ನು ಒಂದೇ ಮುಖವಾಗಿ ನಿಲ್ಲಿಸುವುದು. ಎಲ್ಲರೂ ಹಗ್ಗ ಹಿಡಿದಾದ ಮೇಲೆ ಎಷ್ಟು ಕೂಗಿ ಕರೆದರೂ ಎಳೆತ ಹೆಚ್ಚುವುದಿಲ್ಲ. ಹಾಗೆಯೇ ಪ್ರತಿಯೊಂದು ವಸ್ತುವಿನ ಕಾಂತತ್ವಕ್ಕೂ ಒಂದು ಮೇಲ್ಮಿತಿಯುಂಟು. ಅದನ್ನು ಮುಟ್ಟಿದ ಕಾಂತವನ್ನು ಯಾವ ಉಪಾಯದಿಂದಲೂ ಇನ್ನಷ್ಟು ಬಲಪಡಿಸಲಾಗದು.

ಇಲ್ಲಿ ವಾಚಕರಿಗೆ ಸೋಜಿಗವೆನಿಸುವ ಸಂಗತಿಯೊಂದಿದೆ. ಶುದ್ಧ ಕಬ್ಬಿಣದ ಮೇಲ್ಮಿತಿ ಸುಮಾರು 2.2 ಟೆಸ್ಲಾ. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಅತಿ ಪ್ರಬಲ ಶಾಶ್ವತ ಕಾಂತದ ಮೂಲವಸ್ತು, ಅಂದರೆ ನಿಯೋಡಿಮಿಯಂ, ಕಬ್ಬಿಣ ಮತ್ತು ಬೋರಾನ್‌ಗಳ ಸಂಯುಕ್ತದ ಮೇಲ್ಮಿತಿ ಸುಮಾರು 1.6 ಟೆಸ್ಲಾ ಮಾತ್ರ. ಹಾಗಿದ್ದರೂ ಕಬ್ಬಿಣದ ಮೊಳೆ ತನ್ನಷ್ಟಕ್ಕೆ ಒಂದು ಗುಂಡುಸೂಜಿಯನ್ನೂ ಎತ್ತಲಾರದು. ಹುಣಿಸೆಬೀಜದಷ್ಟಿರುವ ನಿಯೋಡಿಮಿಯಂ ಕಾಂತ ಬೆರಳಿಗೆ ಸಿಕ್ಕಿದರೆ ಚಿವುಟಿ ಹಿಡಿಯುತ್ತದೆ. ಕಾರಣವಿಷ್ಟೆ: ಕಬ್ಬಿಣದ ವಲಯಗಳು ಬೇಗ ಒಲಿಯುತ್ತವೆ, ಬೇಗ ಮುನಿಯುತ್ತವೆ. ನಿಯೋಡಿಮಿಯಂ ಕಾಂತದವು ಒಮ್ಮೆ ಮುಖಮಾಡಿದ ದಿಕ್ಕನ್ನು ಬಿಟ್ಟುಕೊಡುವುದಿಲ್ಲ. ಈ ಗುಣವನ್ನು ವಿಜ್ಞಾನಿಗಳು ಕೊಯೆರ್ಸಿವಿಟಿ ಎನ್ನುತ್ತಾರೆ. ನಾವು ಕಾಂತದ ಹಟವೆನ್ನೋಣ. ಅರ್ಸ್ಟೆಡ್ ಎಂಬ ಮಾನದಲ್ಲಿ ಅಳೆದರೆ ಶುದ್ಧ ಕಬ್ಬಿಣದ ಹಟ ಸುಮಾರು 1. ಕಾರ್ಬನ್ ಉಕ್ಕಿನದು 50ರ ಆಸುಪಾಸು. ಆಲ್ನಿಕೋ ಮಿಶ್ರಲೋಹದ್ದು ಸುಮಾರು 600. ನಿಯೋಡಿಮಿಯಂ ಕಾಂತದ್ದು 10,000ವನ್ನೂ ಮೀರುತ್ತದೆ.

ಕಾಂತವನ್ನು ಬಲಪಡಿಸುವ ಪ್ರಯತ್ನದ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಬೇಕು. 1600ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟನು ಕಾದ ಕಬ್ಬಿಣದ ಸಲಾಕೆಯನ್ನು ಉತ್ತರ ದಕ್ಷಿಣವಾಗಿರಿಸಿ ಬಡಿದರೆ ಅದು ಕಾಂತವಾಗುವುದೆಂದು ವರ್ಣಿಸಿದನು. ಬೆಂಗಳೂರಿನಲ್ಲಿ ಭೂಕಾಂತದ ಸಮತಲ ಬಲ ಸುಮಾರು 0.4 ಅರ್ಸ್ಟೆಡ್ ಮಾತ್ರ. ಇಷ್ಟು ಮೆಲುದನಿಯ ಕರೆಗೆ ಓಗೊಡುವ ವಲಯಗಳು ಕೆಲವೇ. 1750ರಲ್ಲಿ ಜಾನ್ ಮಿಚೆಲನು ಎರಡು ಕಾಂತಗಳಿಂದ ಒಟ್ಟಿಗೆ ಉಜ್ಜುವ ವಿಧಾನವನ್ನು ಪ್ರಕಟಿಸಿದನು. ಕರೆಯ ದನಿ ಏರಿತೇ ಹೊರತು ಉಕ್ಕಿನ ಹಟ ಏರಲಿಲ್ಲ. ನಿಜವಾದ ಹೆಜ್ಜೆಗಳು ಮೂಡಿದ್ದು ವಸ್ತುವನ್ನೇ ಬದಲಾಯಿಸಿದಾಗ. ಜಪಾನಿನ ಕೊತಾರೊ ಹೊಂಡಾ 1917ರಲ್ಲಿ ಕೋಬಾಲ್ಟ್ ಬೆರೆತ ಉಕ್ಕನ್ನೂ, ತೊಕುಶಿಚಿ ಮಿಶಿಮಾ 1931ರಲ್ಲಿ ನಿಕಲ್ ಮತ್ತು ಅಲ್ಯುಮಿನಿಯಂ ಬೆರೆತ ಉಕ್ಕನ್ನೂ ಸಿದ್ಧಪಡಿಸಿದರು. 1980ರ ದಶಕದ ಮೊದಲಲ್ಲಿ ಜಪಾನಿನಲ್ಲಿ ಮಸಾತೊ ಸಗಾವಾ, ಅಮೆರಿಕದಲ್ಲಿ ಜಾನ್ ಕ್ರೋಟ್ ಬೇರೆ ಬೇರೆಯಾಗಿ ನಿಯೋಡಿಮಿಯಂ ಕಾಂತವನ್ನು ಕಂಡುಕೊಂಡರು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಹೆಚ್ಚಿದುದು ಮುಖ್ಯವಾಗಿ ಹಟ.

ಹಾಗಾದರೆ ಕೈಯಲ್ಲಿರುವ ಹಳೆಯ ಕಾಂತಕ್ಕೆ ಗತಿಯೇನು? ಗತಿಯುಂಟು. ಮೊದಲನೆಯದಾಗಿ, ಕಳೆದುಕೊಂಡುದನ್ನು ಮರಳಿ ಕೊಡಬಹುದು. 20 ಸೆಂಟಿಮೀಟರ್ ಉದ್ದದ ಕೊಳವೆಗೆ ದಪ್ಪ ತಾಮ್ರದ ತಂತಿಯನ್ನು 1000 ಸುತ್ತು ಸುತ್ತಿ, ಬ್ಯಾಟರಿಯಿಂದ 10 ಆಂಪಿಯರ್ ನೇರ ಪ್ರವಾಹವನ್ನು ಹರಿಸಿದರೆ ನಡುವೆ 600 ಅರ್ಸ್ಟೆಡಿಗೂ ಮೀರಿದ ಕ್ಷೇತ್ರ ದೊರೆಯುತ್ತದೆ. ಉಕ್ಕಿನ ಹಟಕ್ಕೆ ಇದು ಹನ್ನೆರಡು ಮಡಿ, ಕ್ಷಣಕಾಲ ಸಾಕು. ಮನೆಯ ಪರ್ಯಾಯ ಪ್ರವಾಹವನ್ನು ಮಾತ್ರ ಎಂದಿಗೂ ಜೋಡಿಸಬಾರದು. ಅದು ಅಪಾಯಕರ, ಮೇಲಾಗಿ ಇದ್ದ ಕಾಂತತ್ವವನ್ನೂ ಕೆಡಿಸಬಲ್ಲುದು. ಆಲ್ನಿಕೋವಿಗೆ ಈ ಸುರುಳಿ ಸಾಲದು. ನಿಯೋಡಿಮಿಯಂ ಕಾಂತಗಳಿಗೆ ಕಾರ್ಖಾನೆಗಳಲ್ಲಿ ಕೆಪಾಸಿಟರುಗಳಿಂದ ಒಮ್ಮೆಲೆ ಮಹಾಪ್ರವಾಹವನ್ನು ಹರಿಸುತ್ತಾರೆ. ಎರಡನೆಯದಾಗಿ, ಇರುವ ಬಲಕ್ಕೆ ಸರಿಯಾದ ದಾರಿ ತೋರಿಸಬಹುದು. ಕಬ್ಬಿಣದ ಟೋಪಿ ತೊಡಿಸಿದ ಸೂಜಿಗಲ್ಲು ಹೆಚ್ಚು ಭಾರ ಎತ್ತುವುದೆಂದು ಗಿಲ್ಬರ್ಟನಿಗೂ ತಿಳಿದಿತ್ತು. ಮೂರನೆಯದಾಗಿ, ಬಲವನ್ನು ಕಾಪಾಡಬಹುದು: ಬೀಳಿಸದಿರುವುದು, ಕಾಯಿಸದಿರುವುದು, ಜೋಡಿಕಾಂತಗಳನ್ನು ವಿರುದ್ಧ ಧ್ರುವಗಳು ಅಕ್ಕಪಕ್ಕ ಬರುವಂತೆ ಇರಿಸಿ ತುದಿಗಳಿಗೆ ಮೆದುಕಬ್ಬಿಣದ ರಕ್ಷಕಗಳನ್ನಿಡುವುದು.

ಇಷ್ಟೂ ಸಣ್ಣ ಮಾತುಗಳಂತೆ ಕಾಣಬಹುದು. ಆದರೆ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇವನ್ನು ಅಲಕ್ಷಿಸುವುದರಿಂದ ಆಗುವ ಹಾನಿ ಸಣ್ಣದಲ್ಲ. ರಕ್ಷಕಗಳಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ರಾಶಿಬಿದ್ದ ಉಕ್ಕಿನ ಕಾಂತವನ್ನು ವಿದ್ಯಾರ್ಥಿನಿಯೊಬ್ಬಳ ಕೈಗೆ ಕೊಟ್ಟು, ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರಿನಿಂದ ಅದರ ಕಾಂತ ಮಹತ್ವವನ್ನು ಅಳೆಯೆನ್ನುತ್ತೇವೆ. ಮುಳ್ಳು 45 ಡಿಗ್ರಿ ತಿರುಗಿದಾಗ ಓದುವುದರಲ್ಲಿ 1 ಡಿಗ್ರಿ ತಪ್ಪಿದರೆ ಉತ್ತರದಲ್ಲಿ ನೂರಕ್ಕೆ 3.5ರಷ್ಟು ವ್ಯತ್ಯಾಸ; ಬಲಗುಂದಿದ ಕಾಂತದಿಂದ ಅದು 5 ಡಿಗ್ರಿಯಷ್ಟೇ ತಿರುಗಿದಾಗ ಅದೇ ತಪ್ಪಿನಿಂದ ನೂರಕ್ಕೆ 20ರಷ್ಟು ವ್ಯತ್ಯಾಸ. ಉತ್ತರ ಒಮ್ಮೆ ಹೀಗೆ, ಒಮ್ಮೆ ಹಾಗೆ ಬರುತ್ತದೆ. ಆಗ ಅವಳು ಮಾಡುವುದೇನು? ಹಿಂದಿನ ವರ್ಷದ ರೆಕಾರ್ಡ್ ಪುಸ್ತಕವನ್ನು ತೆರೆದು ಅಲ್ಲಿರುವ ಉತ್ತರಕ್ಕೆ ಹೊಂದುವಂತೆ ಅಂಕಿಗಳನ್ನು ಬರೆದುಕೊಳ್ಳುತ್ತಾಳೆ. ಕಾಂತದ ಬಲ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೂ ರೆಕಾರ್ಡಿನ ಉತ್ತರ ಇಳಿಯುವುದಿಲ್ಲ. ವಿಜ್ಞಾನದ ಮೊದಲ ಪಾಠವೇ ಕಣ್ಣಿಗೆ ಕಂಡುದನ್ನು ಬರೆಯಬಾರದೆಂಬ ಪಾಠವಾಗಿ ಪರಿಣಮಿಸುತ್ತದೆ. ದೋಷ ಅವಳದಲ್ಲ, ಕಾಂತದ್ದೂ ಅಲ್ಲ.

ಹಳೆಯವನ್ನು ಎಸೆದು ನಿಯೋಡಿಮಿಯಂ ಕಾಂತಗಳನ್ನು ಕೊಂಡರಾಯಿತಲ್ಲ ಎಂದು ಕೆಲವರು ಹೇಳುವರು. ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಆದರೆ ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಕಾಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿ ಕಾದರೆ ತಾನೂ ಬಲಗುಂದುತ್ತದೆ, ಬಿದ್ದರೆ ಒಡೆಯುತ್ತದೆ, ಅಜಾಗರೂಕತೆಯಿಂದ ಹತ್ತಿರ ತಂದರೆ ಉಕ್ಕಿನ ಕಾಂತದ ಧ್ರುವಗಳನ್ನೇ ತಿರುವುಮುರುವು ಮಾಡುತ್ತದೆ. ಮೇಲಾಗಿ, ಹಟ ಹೆಚ್ಚಾದ ಕಾಂತವನ್ನು ನಮ್ಮ ಸುರುಳಿಯಿಂದ ತಿದ್ದಲಾಗದು. ಬಗ್ಗುವ ಉಕ್ಕೇ ಕಲಿಯುವವರಿಗೆ ಒಳ್ಳೆಯ ಗುರು. ಕೆಡಿಸಿ ನೋಡಬಹುದು, ಸರಿಪಡಿಸಿ ನೋಡಬಹುದು, ಎರಡನ್ನೂ ಅಳೆಯಬಹುದು.

ಈ ಕಲಿಕೆಗೆ ಪ್ರಯೋಗಶಾಲೆಯ ಹೊರಗೂ ಬೆಲೆಯುಂಟು. 2025ರ ಏಪ್ರಿಲಿನಲ್ಲಿ ಚೀನಾ ದೇಶವು ಕೆಲವು ವಿರಳಮೃತ್ತಿಕಾ ಧಾತುಗಳ ಮತ್ತು ಅವುಗಳಿಂದಾದ ಕಾಂತಗಳ ರಫ್ತಿಗೆ ಪರವಾನಗಿಯನ್ನು ವಿಧಿಸಿದಾಗ ನಮ್ಮ ವಾಹನ ಕಾರ್ಖಾನೆಗಳು ಚಿಂತೆಗೀಡಾದವು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಇಂಥ ಕಾಂತಗಳನ್ನು ದೇಶದಲ್ಲಿಯೇ ತಯಾರಿಸಲು 7,280 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ನಿಯೋಡಿಮಿಯಂ ನಮ್ಮಲ್ಲಿಲ್ಲದ ಧಾತುವಲ್ಲ. ಕೇರಳದ ಚವರದ ಕಡಲಮರಳಿನಲ್ಲಿರುವ ಮೋನಜೈಟಿನಲ್ಲಿ ಅದುಂಟು. ಆದರೆ ಮರಳಿನಲ್ಲಿ ಹಟವಿಲ್ಲ. ಹುಡಿಯ ಕಣಗಳನ್ನು ಸಣ್ಣದಾಗಿಸಿ, ಕ್ಷೇತ್ರದಲ್ಲಿ ಒಂದೇ ಮುಖವಾಗಿ ನಿಲ್ಲಿಸಿ, ಒತ್ತಿ, ಕಾಯಿಸುವ ವಿದ್ಯೆಯಿಂದ ಹಟ ಹುಟ್ಟುತ್ತದೆ. ಆ ವಿದ್ಯೆಯನ್ನು ಕೈಗೆ ತಂದುಕೊಳ್ಳಬೇಕಾದವರು ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿರುವವರೇ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿ ಕಾಲೇಜೂ ಒಂದು ಕಾಂತೀಕರಣದ ಸುರುಳಿಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಸುತ್ತಿಸಿ ಇಟ್ಟುಕೊಳ್ಳಲಿ. ಪ್ರತಿ ಕಾಂತಕ್ಕೂ ಒಂದು ಚೀಟಿಯಿರಲಿ. ವರ್ಷದ ಆರಂಭದಲ್ಲಿ ಅದರ ಮಹತ್ವವನ್ನು ಅಳೆದು, ತಾರೀಖಿನೊಡನೆ ಬರೆಯಲಿ. ಬಲ ಇಳಿದಿದ್ದರೆ ಇಳಿದಿದೆ ಎಂದೇ ಬರೆಯಲಿ, ಅನಂತರ ಸುರುಳಿಯೊಳಗಿಟ್ಟು ಏರಿಸಿ ಮತ್ತೆ ಅಳೆಯಲಿ. ಆ ಎರಡು ಅಂಕಿಗಳ ನಡುವಣ ಅಂತರಕ್ಕೂ ರೆಕಾರ್ಡ್ ಪುಸ್ತಕದಲ್ಲಿ ಅಂಕ ಕೊಡಬೇಕು.