ಹಿತ್ತಲಿನ ಮಾತು, ಪೊಟ್ಟಣದ ಮಾತು

ಚಿಂಚಲಿಯಲ್ಲಿ ಮಾಘ ಮಾಸದ ಮಾಯಕ್ಕನ ಜಾತ್ರೆ ಮುಗಿದು ಬಿಸಿಲು ಏರತೊಡಗಿದರೆ ಹಿತ್ತಲಲ್ಲಿ ಹೀರೆ, ಹಾಗಲ, ಸವತಿ ಬೀಜ ಊರುವ ಕೆಲಸ ಸುರುವಾಗುತ್ತದೆ. ಸುತ್ತಲೂ ಕಬ್ಬಿನ ಸೀಮೆ; ಆದರೂ ಮನೆಯ ಹಿಂದೆ ನಾಲ್ಕು ಬದನೆ, ಒಂದು ಕರಿಬೇವು ಇರಲೇಬೇಕು. ಹಿಂದೆ ಬೀಜ ಮನೆಯ ಗಡಿಗೆಯಲ್ಲಿರುತ್ತಿತ್ತು, ಬೆಳೆಯುವ ಮಾತು ಅಜ್ಜಿಯ ಬಾಯಲ್ಲಿರುತ್ತಿತ್ತು. ಈಗ ಬೀಜ, ಗೊಬ್ಬರ, ಔಷಧಿ ಮೂರೂ ಅಂಗಡಿಯಿಂದ ಬರುತ್ತವೆ. ಅವುಗಳ ಮೈಮೇಲಿನ ಮಾತೇ ಬೇರೆ. ಎರಡೂ ಮಾತು ತಿಳಿಯದಿದ್ದರೆ ಹಾನಿ ಗಿಡಕ್ಕಷ್ಟೇ ಅಲ್ಲ, ಉಣ್ಣುವವರಿಗೂ ಉಂಟು.

ಹದ: ಎರೆ ಮಣ್ಣಿನ ಜೇಡಿಕಣಗಳು ಬಹಳ ಸಣ್ಣವು. ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ನೆಲ ಬಿರಿಯುತ್ತದೆ. ಹಸಿ ಇದ್ದಾಗ ಅಗೆದರೆ ಹೆಂಟೆಯಾಗಿ ಕಲ್ಲಿನಂತೆ ಕೂಡುತ್ತದೆ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೆರಳಿನಿಂದ ಒತ್ತಿ ನೋಡಬೇಕು. ಉಂಡೆ ಪುಡಿಯಾಗಿ ಉದುರಿದರೆ ಹದ ಬಂದಿದೆ. ಕೈಗೆ ಅಂಟಿದರೆ ಇನ್ನೂ ಕಾಯಬೇಕು. ಉಂಡೆಯೇ ಆಗದಿದ್ದರೆ ನೀರು ಬೇಕು.

ಸವಳು, ಜವಳು: ಎರಡನ್ನೂ ಜೋಡಿಸಿ ಹೇಳುವುದು ರೂಢಿ, ಅರ್ಥ ಮಾತ್ರ ಬೇರೆ ಬೇರೆ. ನೀರು ನಿಂತ ನೆಲ ಜವಳು. ಬೇರಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಉಪ್ಪು ಕೂಡಿದ ನೆಲ ಸವಳು. ದೀಪದ ಬತ್ತಿ ಎಣ್ಣೆ ಏರಿಸುವಂತೆ ಮಣ್ಣು ಕೆಳಗಿನ ನೀರನ್ನು ಮೇಲೆಳೆಯುತ್ತದೆ. ನೀರು ಆವಿಯಾಗುತ್ತದೆ, ಕರಗಿದ್ದ ಉಪ್ಪು ಮೇಲೆ ಉಳಿಯುತ್ತದೆ. ಹೆಚ್ಚು ನೀರು ಬಿಟ್ಟಷ್ಟೂ ಹೆಚ್ಚು ಬೆಳೆ ಎಂಬ ಲೆಕ್ಕ ಆದ್ದರಿಂದಲೇ ತಪ್ಪು. ಹಿತ್ತಲಲ್ಲಾದರೂ ಬೋದು ಏರಿಸಿ ಅದರ ಮೇಲೆ ಸಸಿ ಹಚ್ಚಿ, ಮಿಕ್ಕ ನೀರು ಬಸಿದು ಹೋಗಲು ದಾರಿ ಬಿಡಬೇಕು.

ಮುಚ್ಚಿಗೆ: ಪೇಟೆಯಲ್ಲಿ ಇದಕ್ಕೆ ಮಲ್ಚಿಂಗ್ ಎನ್ನುತ್ತಾರೆ, ಪ್ಲಾಸ್ಟಿಕ್ ಹಾಳೆಯನ್ನೂ ಮಾರುತ್ತಾರೆ. ಚಿಂಚಲಿಯವರಿಗೆ ಕಬ್ಬಿನ ರವದಿ ಇದೆ. ಸುಡುವ ಬದಲು ಗಿಡದ ಸುತ್ತ ಹರವಿದರೆ ತೇವ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಟ್ಟರಾಯಿತು.

ಅಗಿ: ಮಡಿಯಲ್ಲಿ ಒತ್ತಾಗಿ ಬೆಳೆಸಿ ಕಿತ್ತು ಹಚ್ಚುವ ಎಳೆ ಸಸಿ. ನೆರಳಲ್ಲಿ ಬೆಳೆದದ್ದನ್ನು ಒಮ್ಮೆಲೇ ಬಿಸಿಲಿಗೆ ಒಯ್ದರೆ ಬಾಡುತ್ತದೆ. ಕೀಳುವ ಮೊದಲು ಒಂದು ವಾರ ನೀರು ಕಡಿಮೆ ಮಾಡಿ, ದಿನದಿನಕ್ಕೆ ಬಿಸಿಲು ಹೆಚ್ಚಿಸಿ ಗಟ್ಟಿ ಮಾಡಬೇಕು. ಹಚ್ಚುವುದು ಇಳಿಹೊತ್ತಿನಲ್ಲಿ.

ಎಫ್-1: ಎರಡು ಆಯ್ದ ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆಯ ಹೈಬ್ರಿಡ್ ಎಂದರ್ಥ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿಯ ಪ್ರಯೋಗದಲ್ಲಿ ಎತ್ತರ, ಗಿಡ್ಡ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯೆಲ್ಲ ಎತ್ತರವೇ ಆಯಿತು. ಮುಂದಿನದರಲ್ಲಿ ಸುಮಾರು ನಾಲ್ಕಕ್ಕೆ ಒಂದು ಗಿಡ್ಡ. ಹೈಬ್ರಿಡ್ ಹಣ್ಣಿನ ಬೀಜ ಕಾಯ್ದಿಟ್ಟು ಬಿತ್ತಿದರೂ ಹೀಗೇ ಗುಣ ಒಡೆಯುತ್ತದೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಹೈಬ್ರಿಡ್ ಅಲ್ಲ, ಒಂದು ತಳಿ. ಬೇರೆ ಬೆಂಡೆಯ ಪರಾಗ ಬೆರೆಯದಂತೆ ನೋಡಿಕೊಂಡರೆ ಅದರ ಬೀಜ ಇಡಬಹುದು, ಜವಾರಿ ಬೀಜದಂತೆಯೇ.

19:19:19: ನೂರು ಕಿಲೊ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಎಂಬ ಲೆಕ್ಕ. ಯೂರಿಯಾದಲ್ಲಿ ಸಾರಜನಕ 46, ಉಳಿದೆರಡು ಸೊನ್ನೆ. ಅದನ್ನೇ ಸುರಿದರೆ ಎಲೆ ಹಸಿರಾಗಿ ಸೊಕ್ಕುತ್ತದೆ, ಕಾಯಿ ಕಡಿಮೆಯಾಗುತ್ತದೆ, ಹೇನಿಗೆ ಹಬ್ಬವಾಗುತ್ತದೆ.

ಬಣ್ಣದ ಗುರುತು: ಎಲ್ಲಕ್ಕಿಂತ ಮುಖ್ಯ ಮಾತು ಇದು. ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತಿರುತ್ತದೆ. ವಿಷದ ಮಟ್ಟವನ್ನು ಅದರ ಕೆಳಗಿನ ಅರ್ಧದ ಬಣ್ಣ ಹೇಳುತ್ತದೆ. ಕೆಂಪು ಎಲ್ಲಕ್ಕಿಂತ ತೀವ್ರ, ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯವೆಂದಲ್ಲ, ಅಪಾಯ ಕಡಿಮೆ ಎಂದಷ್ಟೇ. ಜತೆಗೆ ಕಾಯುವ ಅವಧಿ ಎಂದಿರುತ್ತದೆ: ಸಿಂಪಡಿಸಿದ ಮೇಲೆ ಕಾಯಿ ಕೀಳಲು ಎಷ್ಟು ದಿನ ತಡೆಯಬೇಕೆಂಬ ಸೂಚನೆ. ಹೊಲದ ಕಬ್ಬಿಗೆ ತಂದು ಉಳಿದದ್ದನ್ನು ಹಿತ್ತಲ ಬದನೆಗೆ ಹೊಡೆದು ಮರುದಿನವೇ ಪಲ್ಯ ಮಾಡಿದರೆ, ತೊಳೆದ ಮಾತ್ರಕ್ಕೆ ವಿಷವೆಲ್ಲ ಹೋಗದು. ಚೀಟಿಯಲ್ಲಿ ಹೆಸರಿಲ್ಲದ ಬೆಳೆಗೆ ಆ ಔಷಧಿ ಬೇಡ. ಖಾಲಿ ಡಬ್ಬಿಯೂ ಅಡಿಗೆಮನೆಗೆ ಬೇಡ.

ಹದ, ಅಗಿ, ಬೋದು, ರವದಿ ಬಲ್ಲ ಹಿರಿಯರಿಗೆ ಡಬ್ಬಿಯ ಸಣ್ಣಕ್ಷರ ಕಾಣದು. ಸಾಲೆಗೆ ಹೋಗುವ ಮಕ್ಕಳು ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಹಿರಿಯರು ಅವರಿಗೆ ಮಣ್ಣಿನ ಉಂಡೆ ಕಟ್ಟುವುದನ್ನು ಕಲಿಸಲಿ.