ಪಥ್ಯ ಹೇಳಿದರೆ ಸಾಲದು, ಪಥ್ಯದ ಧಾನ್ಯವೂ ದೊರೆಯಬೇಕು

ಮಧುಮೇಹದಲ್ಲಿ ಔಷಧದಷ್ಟೇ ಆಹಾರವೂ ಮುಖ್ಯ. ಸುಶ್ರುತಾಚಾರ್ಯರು ಪ್ರಮೇಹವನ್ನು ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡು ಬಗೆಯಾಗಿ ವಿಂಗಡಿಸಿದರು. ಚರಕಸಂಹಿತೆಯು ಪ್ರಮೇಹಿಗೆ ಜವೆಗೋಧಿಯನ್ನು ಪ್ರಧಾನ ಆಹಾರವಾಗಿ ವಿಧಿಸಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಅಧಿಕ.

ಅಂಕೋಲಾ ತಾಲ್ಲೂಕಿನ ಅಗಸೂರು ಮೊದಲಾದ ಗ್ರಾಮಗಳ ಊಟವನ್ನು ನೋಡೋಣ. ಬೆಳಿಗ್ಗೆ ಗಂಜಿ ಅಥವಾ ದೋಸೆ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಕುಚ್ಚಲಕ್ಕಿಯಾದರೂ ಪ್ರಮಾಣ ಮೀರಿದರೆ ಸಕ್ಕರೆ ಏರುತ್ತದೆ. ‘ಅನ್ನ ಕಡಿಮೆ ಮಾಡಿರಿ’ ಎಂದು ನಾವು ವೈದ್ಯರು ಸುಲಭವಾಗಿ ಹೇಳುತ್ತೇವೆ. ಅನ್ನದ ಬದಲು ಏನುಣ್ಣಬೇಕು, ಅದನ್ನು ಕೊಳ್ಳುವುದು ಹೇಗೆ ಎಂಬುದಕ್ಕೆ ಉತ್ತರಿಸುವುದಿಲ್ಲ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡವರ ಹಸಿವನ್ನು ನೀಗಿದೆ. ಅದು ಸ್ತುತ್ಯ ಕಾರ್ಯ. ಆದರೆ ಕರಾವಳಿಯ ಪಡಿತರವೆಂದರೆ ಮುಖ್ಯವಾಗಿ ಅಕ್ಕಿಯೇ. ಕೂಲಿಯನ್ನೇ ನಂಬಿದ ಮಧುಮೇಹಿಗೆ ಬೇಳೆಕಾಳು ದುಬಾರಿ, ಸಿರಿಧಾನ್ಯ ಇನ್ನೂ ದುಬಾರಿ.

ಆದುದರಿಂದ ಶಿಕ್ಷಣವೂ ಆಹಾರದ ನೆರವೂ ಜೊತೆಯಾಗಿ ಸಾಗಬೇಕೆಂಬುದು ನಮ್ಮ ಅಭಿಪ್ರಾಯ. ದಾಸೋಹವು ನಮ್ಮ ಪರಂಪರೆಯ ಉಸಿರು. ಭಕ್ತರು ತಿಂಗಳಿಗೊಮ್ಮೆ ಅರ್ಪಿಸುವ ಧಾನ್ಯದಲ್ಲಿ ಒಂದು ಪಾಲನ್ನು ರಾಗಿ, ಜೋಳ, ಹೆಸರು, ಹುರುಳಿಗಳಿಗೆ ಮೀಸಲಿಟ್ಟು ಬಡ ಮಧುಮೇಹಿಗಳ ಮನೆಗೆ ತಲುಪಿಸಬಹುದು. ಅದರೊಡನೆ ಆಶಾ ಕಾರ್ಯಕರ್ತೆಯರ ಸಹಕಾರದಿಂದ ಅಡುಗೆಯ ಪ್ರಾತ್ಯಕ್ಷಿಕೆ ನಡೆಸಬೇಕು. ಅರ್ಧ ತಟ್ಟೆ ಪಲ್ಯ, ಕಾಲು ಭಾಗ ಬೇಳೆಕಾಳು, ಕಾಲು ಭಾಗ ಅನ್ನ ಅಥವಾ ರೊಟ್ಟಿ ಎಂಬುದನ್ನು ಬಡಿಸಿಯೇ ತೋರಿಸಬೇಕು. ಹಾಲಕ್ಕಿ ಮಹಿಳೆಯರು ಅಂಕೋಲೆಯ ಪೇಟೆಗೆ ತರುವ ಬಸಳೆ, ಹರಿವೆಗಳಿಗಿಂತ ಬೇರೆ ಪಥ್ಯವನ್ನು ದೂರದಿಂದ ತರಿಸಬೇಕಾಗಿಲ್ಲ. ಅಡುಗೆ ಮಾಡುವವರೇ ಈ ಪಾಠದ ಮೊದಲ ವಿದ್ಯಾರ್ಥಿಗಳಾಗಲಿ.

ಕೆಲವು ಎಚ್ಚರಿಕೆಗಳು ಅಗತ್ಯ. ರಾಗಿಯಾದರೂ ಮಿತಿ ಬೇಕು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ಬೇಳೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಶಿವರಾತ್ರಿಯ ಉಪವಾಸಕ್ಕೆ ಮುನ್ನ ಸಲಹೆ ಪಡೆಯಲಿ. ಬೆವರು, ನಡುಕ ಕಾಣಿಸಿದರೆ ಕೂಡಲೇ ಸಕ್ಕರೆ ಸೇವಿಸಲಿ. ಪಥ್ಯ ಆರಂಭಿಸಿದೆವೆಂದು ಔಷಧವನ್ನು ತಾವಾಗಿ ನಿಲ್ಲಿಸಬಾರದು.

ಮಠದ ಪ್ರಸಾದ ನಿಲಯದ ಪಂಕ್ತಿಯಲ್ಲಿಯೂ ಪಾಯಸದ ಪಕ್ಕದಲ್ಲಿ ಒಂದು ಬಟ್ಟಲು ಕೋಸಂಬರಿ ಇರಲಿ. ಹಸಿದವರಿಗೆ ಅನ್ನವಿಕ್ಕುವುದು ದಾಸೋಹ. ರೋಗಿಗೆ ಹಿತವಾದ ಅನ್ನವಿಕ್ಕುವುದೂ ದಾಸೋಹವೇ. ಸದ್ಭಕ್ತರು ಈ ಕಾರ್ಯಕ್ಕೆ ಕೈಜೋಡಿಸಬೇಕೆಂದು ಪ್ರಾರ್ಥಿಸುತ್ತೇವೆ.